ತಾಂಡಾದಾಗ ಎಲ್ಲದಕ್ಕೂ ‘ಏನಿಲ್ರಿ’ ಅಂತಾರ, ಸಂದರ್ಶನ ಹ್ಯಾಂಗ ಮಾಡ್ಲಿ?

ತೊಗರಿಹೊಲ:
ನಾನು ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಕೋರ್ಸ್) ವಿದ್ಯಾರ್ಥಿನಿ. ವಿಜಯಪುರ ಜಿಲ್ಲೆಯ ಒಂದು ಲಂಬಾಣಿ ತಾಂಡಾದಲ್ಲಿ ಫೀಲ್ಡ್‌ವರ್ಕ್ ನಡೀತಿದೆ. ದೀಪಾವಳಿ ಆದಮೇಲೆ ಕಬ್ಬು ಕಡಿಯೋಕೆ ಮಹಾರಾಷ್ಟ್ರಕ್ಕೆ ಗುಳೆ ಹೋಗುವವರು ಟಿಬಿ ಗುಳಿಗೆ ನಡುವೆ ಯಾಕೆ ಬಿಡ್ತಾರೆ ಅನ್ನೋದು ವಿಷಯ. ಒಂಬತ್ತು ಸಂದರ್ಶನ ಆಗಿವೆ, ಒಂದರಲ್ಲೂ ಜೀವ ಇಲ್ಲ. “ಗುಳಿಗೆ ತಪ್ಪಿಸಿದ್ರಾ?” “ಇಲ್ರಿ.” “ತೊಂದರೆ?” “ಏನಿಲ್ರಿ.” ಹೆಂಡತಿಯನ್ನ ಕೇಳಿದ್ರೆ ಗಂಡ ಉತ್ತರ ಕೊಡ್ತಾನೆ. ಇನ್ನೂ ಕೆದಕು ಅಂತಾರೆ ನಮ್ಮ ಗೈಡ್. ಕೆದಕಿದಷ್ಟೂ ಮುದುಡಿಕೊಳ್ತಾರೆ.

ಕೃಷ್ಣಾದಂಡಿ:
ತಂಗಿ, ಕೊಳ್ಳಾಗ ಐಡಿ ಕಾರ್ಡ್, ಕೈಯಾಗ ಫೈಲ್ ಹಿಡದಾಕಿ ‘ಗುಳಿಗಿ ತಪ್ಪಿಸಿದ್ರೇನು’ ಅಂದ್ರ ಅದು ವಿಚಾರಣಿ ಆಗತೈತಿ. ಬಾಗಲಕೋಟಿ, ವಿಜಯಪುರದಾಗ ಹನ್ನೆರಡು ವರ್ಷ ಇದೇ ಕೆಲಸ ಮಾಡೇನಿ. ‘ಯಾಕ’ ಅನ್ನೂದು ಬಿಡು. ‘ಕಬ್ಬು ಕಡ್ಯಾಕ ಹ್ವಾದಾಗ ಮುಂಜಾನೆ ಎಷ್ಟಕ್ಕ ಏಳತಿದ್ರಿ’ ಅಂತ ಸುರು ಮಾಡು.

ಒಬ್ಬಾಕಿ ನನಗೂ ಎರಡು ಸಲ ‘ಏನಿಲ್ರಿ’ ಅಂದಿದ್ಲು. ಮೂರನೇ ಸಲ ಆಕಿ ಜೋಡಿ ಜ್ವಾಳಾ ಹಸನ ಮಾಡಕೋತ ಕುಂತೆ. ಆವಾಗ ಬಂತು ಮಾತು. ನಸುಕಿನ್ಯಾಗ ಮೂರಕ್ಕ ಎದ್ದು ರೊಟ್ಟಿ ಬಡದು ಫಡಕ್ಕ (ಕಬ್ಬಿನ ಹೊಲಕ್ಕ) ಹೋಗಬೇಕು. ಬರೇ ಹೊಟ್ಟ್ಯಾಗ ಗುಳಿಗಿ ನುಂಗಿದ್ರ ಹೊಟ್ಟಿ ತೊಳಸತೈತಿ, ಕಬ್ಬಿನ ಹೊರಿ ಎತ್ತಾಕ ಆಗೂದಿಲ್ಲ. ಮುಕಾದಮ, ಅಂದ್ರ ಕೂಲಿಯವರನ್ನ ಕರಕೊಂಡ ಹೋಗೂ ಗುತ್ತಿಗಿದಾರ, ಗಂಡಾ-ಹೆಂಡ್ತಿ ಜೋಡಿಗೆ ಮುಂಗಡ ಕೊಟ್ಟಿರತಾನ, ಒಬ್ಬರು ಕುಂತ್ರ ಇಬ್ಬರದೂ ಕೂಲಿ ಮುರೀತೈತಿ. ಇಷ್ಟು ನಾ ಊಹಿಸಿದ್ದೆ. ಆಮ್ಯಾಲ ಅಂದ್ಲು: “ಉಚ್ಚಿ ಕೆಂಪಗ ಹೋಗತಿತ್ತು ಅಕ್ಕಾ. ಬಯಲಾಗ ಎಲ್ಲಾರ ಸಂಗಾಟ ಕೂಡ್ರೂದು. ಮಂದಿ ಏನ್ ತಿಳಕೊಂಡಾರು?”

ಟಿಬಿಯ ರಿಫಾಂಪಿಸಿನ್ ಗುಳಿಗಿ ತಗೊಂಡ್ರ ಉಚ್ಚಿ ಕೆಂಪು-ಕಿತ್ತಳಿ ಆಗೂದು ಸಹಜ. ಆಕಿಗೆ ಅದನ್ನ ಯಾರೂ ಹೇಳಿರಲಿಲ್ಲ. ಆರು ತಿಂಗಳ ಕೋರ್ಸು ಮೂರನೇ ತಿಂಗಳಿಗೇ ನಿಂತಿತ್ತು. ನನಗ ಅವತ್ತು ಬಾಳ ಸಂಕಟ ಆತು.

ಇನ್ನೊಂದು. ಹೆಬ್ಬಟ್ಟು ಒತ್ತೋರ ಒಪ್ಪಿಗಿಗೆ ನಿಷ್ಪಕ್ಷಪಾತಿ ಸಾಕ್ಷಿ ಬೇಕಂತ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳತೈತಿ. ನೀ ತಾಂಡಾದ ಮುಖಂಡ ಕಾರಭಾರಿನ್ನ ಕರದಿದ್ದೀ ಅನಸತೈತಿ. ಅವನ ಎದುರಿಗೆ ಯಾರು ‘ಒಲ್ಲೆ’ ಅಂತಾರ?

ಗಂಡನ ಜೋಡಿ ಬ್ಯಾರೆ ಕುಂತು ಮಾತಾಡಾಕ ಒಬ್ಬ ಗೆಳೆಯನ್ನ ಕರಕೊಂಡ ಹೋಗು.

ಟಿಬಿ ವಿಭಾಗದ ಕೆಲಸಗಾರ:
ಗುಳೆ ಹೋಗೂ ಮುಂಚೆ ಹೇಳಿದ್ರ ಟಿಬಿ ರೋಗಿಗಳ ಸರ್ಕಾರಿ ಆನ್‌ಲೈನ್ ದಾಖಲೆ ನಿಕ್ಷಯ್‌ನಾಗ ಅಲ್ಲಿನ ಆಸ್ಪತ್ರೆಗೆ ವರ್ಗಾ ಮಾಡಬಹುದು. ಪೋಷಣೆಯ ಹಣಾನೂ 2024ರ ನವೆಂಬರ್‌ದಿಂದ ತಿಂಗಳಿಗೆ 500 ಇದ್ದದ್ದು 1000 ರೂಪಾಯಿ ಆಗೇತಿ. ಆದ್ರ ಹೇಳೂದಿಲ್ಲ. ರೋಗ ಗೊತ್ತಾದ್ರ ಮುಕಾದಮ ಟೋಳಿಗೆ ಸೇರಿಸ್ಕೊಳ್ಳೂದಿಲ್ಲ ಅನ್ನೂ ಅಂಜಿಕಿ.

ತೊಗರಿಹೊಲ:
ಕಾರಭಾರಿಯೇ ಸಾಕ್ಷಿ, ಒಂಬತ್ತಕ್ಕೂ. ಒಪ್ಪಿಗೆ ಮತ್ತೆ ಮೊದಲಿಂದ ತಗೋತೀನಿ. ಒಂದು ಸಂಶಯ: ಮಾತಿನ ನಡುವೆ ಉಚ್ಚೆಯ ವಿಷಯ ಬಂದ್ರೆ ಆಗಲೇ ವಿವರಿಸಬೇಕಾ, ಮುಗಿದಮೇಲಾ? ದತ್ತಾಂಶದ ಮೇಲೆ ಪ್ರಭಾವ ಆಗಲ್ವಾ?

ಕೃಷ್ಣಾದಂಡಿ:
ಆಗತೈತಿ. ಆದ್ರೂ ಆಗಿಂದಾಗ ಹೇಳು, ಆಕಿ ಇವತ್ತ ರಾತ್ರಿನೂ ಗುಳಿಗಿ ತಪ್ಪಿಸಬಹುದು. ‘ಇಲ್ಲಿಂದ ಮುಂದ ನಾನೂ ಮಾತಾಡೀನಿ’ ಅಂತ ಟಿಪ್ಪಣಿದಾಗ ಬರದಿಡು. ಲಂಬಾಣಿ ಮಂದಿಯ ಗೋರಬೋಲಿ ಮಾತು ಇದ್ದಂಗ ಮೊದಲ ಬರಕೋ, ಕನ್ನಡಾ ಆಮ್ಯಾಲ.