ಹವಳದ ಟ್ಯಾಂಕಿಗೆ ಸುಣ್ಣದ ತಿಳಿನೀರು: ಸ್ಟಿರರ್ ಇಟ್ಟವರು ಅನುಭವ ಹೇಳಿ

ಕೇಳಿದ್ದು: ಹಾಸನ, ವಿದ್ಯಾನಗರದಿಂದ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಎರಡು ವರ್ಷದಿಂದ ಹವಳದ ಟ್ಯಾಂಕ್, ಅಂದರೆ ಉಪ್ಪುನೀರಿನಲ್ಲಿ ಜೀವಂತ ಹವಳ ಸಾಕುವ ಅಕ್ವೇರಿಯಂ, ಇದೆ. ಕಲ್ಲು, ಮರಳು ಕಳೆದು ನೀರೇ 200 ಲೀಟರ್. ಮೊದಲು ಮೆತ್ತನೆ ಹವಳ ಮಾತ್ರ ಇತ್ತು. ಈಗ ಗಟ್ಟಿ ಹವಳ ಚೆನ್ನಾಗಿ ಬೆಳೆಯುತ್ತಿದೆ, ಅದರ ಜೊತೆಗೆ ದಿನಕ್ಕೆ ಸುಮಾರು 1 ಡಿಗ್ರಿ ಕೆಎಚ್ (ನೀರಿನ ಆಲ್ಕಲಿನಿಟಿಯ ಅಳತೆ, ಗಟ್ಟಿ ಹವಳ ಬೆಳೆಯಲು ಅದನ್ನು ಬಳಸಿಕೊಳ್ಳುತ್ತದೆ) ಇಳಿಯುತ್ತಿದೆ. ಕೆಎಚ್ ಏರಿಸುವುದನ್ನು ಪ್ರತಿ ರಾತ್ರಿ ಅಳೆದು ಅಳೆದು ಕೈಯಿಂದ ಹಾಕಿ ಸಾಕಾಗಿದೆ. ಸುಣ್ಣದ ನೀರಿನ ಸ್ಟಿರರ್, ಅಂದರೆ ಮುಚ್ಚಿದ ಕೊಳವೆಯೊಳಗೆ ಸುಣ್ಣ ಕದಡುವ ಸಾಧನ, ಇಡೋಣ ಅಂತಿದ್ದೇನೆ. ಎಲೆ ಅಡಿಕೆ ಸುಣ್ಣ ಆಗುತ್ತದಾ? ಕರೆಂಟ್ ಹೋಗಿ ಬಂದರೆ ಏನಾಗುತ್ತದೆ? ಮಳೆಗಾಲದಲ್ಲಿ ನನ್ನ ಟ್ಯಾಂಕಿನ ಪಿಎಚ್ 7.8ಕ್ಕೆ ಇಳಿಯುತ್ತದೆ, ಅದಕ್ಕೂ ಇದರಿಂದ ಸಹಾಯ ಆಗುತ್ತದಾ? ಓಡಿಸಿ ನೋಡಿದವರು ಹೇಳಿ.

ಚಿಕ್ಕಮಗಳೂರಿನಿಂದ

ಮೇಡಂ, ನಾಲ್ಕು ವರ್ಷದಿಂದ ಓಡಿಸುತ್ತಿದ್ದೇನೆ. ಧೈರ್ಯವಾಗಿ ಇಡಿ. ಆದರೆ ಸ್ಟಿರರ್‌ಗಿಂತ ಅದಕ್ಕೆ ನೀರು ತಳ್ಳುವ ಪಂಪಿನ ಬಗ್ಗೆ ಜಾಸ್ತಿ ಯೋಚನೆ ಮಾಡಿ. ಸ್ಟಿರರ್ ಸುಣ್ಣ ಕದಡುತ್ತದೆ ಅಷ್ಟೇ. ಟ್ಯಾಂಕಿಗೆ ಎಷ್ಟು ಹೋಗಬೇಕು ಅನ್ನುವುದು ಪಂಪಿನ ಕೈಯಲ್ಲಿದೆ.

ಸ್ಕೂಲಿನಲ್ಲಿ ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿ ಹಾಲಿನ ಹಾಗೆ ಮಾಡಿದ್ದೆವಲ್ಲ, ಇಲ್ಲಿ ನಡೆಯುವುದೂ ಅದೇ. ಸುಣ್ಣದ ನೀರು ಇಂಗಾಲದ ಡೈಆಕ್ಸೈಡನ್ನು ಹಿಡಿದುಕೊಳ್ಳುತ್ತದೆ. ಟ್ಯಾಂಕಿನೊಳಗೆ ಇದು ನಮಗೆ ಲಾಭ. ಮಳೆಗಾಲದಲ್ಲಿ ಕಿಟಕಿ ಎಲ್ಲಾ ಮುಚ್ಚಿರುತ್ತದೆ. ನಮ್ಮ ಉಸಿರು, ಗ್ಯಾಸ್ ಒಲೆ, ಎಲ್ಲದರ ಗಾಳಿ ಮನೆಯೊಳಗೇ ನಿಂತು ಟ್ಯಾಂಕಿನ ನೀರಿಗೆ ಇಳಿಯುತ್ತದೆ. ನಿಮ್ಮ ಪಿಎಚ್ ಬೀಳುವುದು ಅದರಿಂದಲೇ ಇರಬೇಕು. ಸುಣ್ಣ ಅದನ್ನು ಎತ್ತುತ್ತದೆ, ಜೊತೆಗೆ ಕ್ಯಾಲ್ಸಿಯಂ ಮತ್ತು ಆಲ್ಕಲಿನಿಟಿ ಎರಡನ್ನೂ ಹವಳಕ್ಕೆ ಬೇಕಾದ ಲೆಕ್ಕದಲ್ಲೇ ಕೊಡುತ್ತದೆ. ಆದರೆ ಸ್ಟಿರರ್ ಕೊಳವೆಯೊಳಗೆ ಅದೇ ಗಾಳಿ ಶತ್ರು. ಮುಚ್ಚಳ ಸಡಿಲ ಇದ್ದರೆ ಮೇಲೆ ಬಿಸಿ ಹಾಲಿನ ಕೆನೆಯಂಥ ಪದರ ಕಟ್ಟುತ್ತದೆ. ಅದು ಚಾಕ್‌ಪುಡಿಯೇ, ಅಷ್ಟು ಸುಣ್ಣ ವೇಸ್ಟ್ ಆಯಿತು ಅಂತ ಅರ್ಥ. ಮುಚ್ಚಳ ಬಿಗಿಯಾಗಿರಲಿ.

ಇದು ಹಳೆಯ ವಿದ್ಯೆ. ಯೂರೋಪಿನಲ್ಲಿ ಪೀಟರ್ ವಿಲ್ಕೆನ್ಸ್ 1970ರ ದಶಕದಲ್ಲಿ ಹವಳದ ಟ್ಯಾಂಕಿಗೆ ಸುಣ್ಣದ ನೀರು ಹಾಕುವುದನ್ನು ರೂಢಿಗೆ ತಂದರು. ಅದಕ್ಕೇ ಇವತ್ತಿಗೂ ಎಲ್ಲರೂ ಕಾಲ್ಕ್‌ವಾಸರ್ ಅನ್ನುವುದು, ಜರ್ಮನ್ ಭಾಷೆಯಲ್ಲಿ ಸುಣ್ಣದ ನೀರು ಅಂತ.

ಲೆಕ್ಕ ಹೇಳುತ್ತೇನೆ. ಒಂದು ಲೀಟರ್ ನೀರು ಒಂದೂವರೆ ಗ್ರಾಂ ಚಿಲ್ಲರೆ ಸುಣ್ಣವನ್ನಷ್ಟೇ ಕರಗಿಸಿಕೊಳ್ಳುತ್ತದೆ. ನೀವು ಹತ್ತು ಚಮಚ ಹಾಕಿದರೂ ಅಷ್ಟೇ, ಉಳಿದದ್ದು ತಳದಲ್ಲಿ ಗಸಿಯಾಗಿ ಕೂತಿರುತ್ತದೆ. ನೀರು ತಣ್ಣಗಿದ್ದರೆ ಸ್ವಲ್ಪ ಜಾಸ್ತಿ ಕರಗುತ್ತದೆ, ಸಕ್ಕರೆಗೆ ಉಲ್ಟಾ. ಹೀಗೆ ಪೂರ್ತಿ ಕರಗಿದ ಒಂದು ಲೀಟರ್ ತಿಳಿ ನಿಮ್ಮ 200 ಲೀಟರಿಗೆ ಅರ್ಧ ಡಿಗ್ರಿ ಕೆಎಚ್‌ಗಿಂತ ಒಂದು ಚೂರು ಮೇಲೆ ಕೊಡುತ್ತದೆ, ಕ್ಯಾಲ್ಸಿಯಂ ಸುಮಾರು 4 ಪಿಪಿಎಂ. ಅಂದರೆ ದಿನಕ್ಕೆ 1 ಡಿಗ್ರಿ ಬೇಕಾದರೆ ಒಂದೂಮುಕ್ಕಾಲು ಲೀಟರ್ ತಿಳಿ ಹೋಗಬೇಕು. ಅಷ್ಟು ಹೋಗಬೇಕಾದರೆ ಮೊದಲು ಅಷ್ಟು ನೀರು ಟ್ಯಾಂಕಿನಿಂದ ಆವಿಯಾಗಬೇಕು.

ನಮ್ಮ ಕಡೆ ಪೇಚು ಇರುವುದೇ ಇಲ್ಲಿ. ನನ್ನ ಟ್ಯಾಂಕ್ ಹೆಚ್ಚುಕಮ್ಮಿ ನಿಮ್ಮಷ್ಟೇ ದೊಡ್ಡದು. ಮಾರ್ಚ್‌ನಲ್ಲಿ ನೀರಿನ ಮೇಲೆ ಫ್ಯಾನ್ ತಿರುಗಿಸಿದರೆ ದಿನಕ್ಕೆ 3 ಲೀಟರ್ ಆವಿಯಾಗುತ್ತದೆ. ಜುಲೈನಲ್ಲಿ ಹಗ್ಗದ ಮೇಲಿನ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ, ಟ್ಯಾಂಕಿನಿಂದ ಮುಕ್ಕಾಲು ಲೀಟರ್ ಹೋದರೆ ಹೆಚ್ಚು. ಪಿಎಚ್ ಬಿದ್ದು ಸುಣ್ಣ ಬೇಕೇ ಬೇಕು ಅನ್ನುವ ತಿಂಗಳಲ್ಲೇ ಸುಣ್ಣ ಹಾಕಲು ಜಾಗ ಇರುವುದಿಲ್ಲ. ಒಣ ದೇಶದಲ್ಲಿರುವವರ ಲೆಕ್ಕವನ್ನು ಹಾಗೇ ತಂದು ಮಲೆನಾಡಿನಲ್ಲಿ ಇಟ್ಟರೆ ನಡೆಯುವುದಿಲ್ಲ. ಹಾಸನ ನಮಗಿಂತ ಒಣಗಲು, ಆದರೂ ನಿಮ್ಮ ಟ್ಯಾಂಕ್ ಬೇಸಿಗೆಗೆ ಎಷ್ಟು, ಮಳೆಗಾಲಕ್ಕೆ ಎಷ್ಟು ನೀರು ಕುಡಿಯುತ್ತದೆ ಅಂತ ಬರೆದಿಡಿ. ನಾನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಣ್ಣದ ಜೊತೆ ಟು-ಪಾರ್ಟ್ (ಕ್ಯಾಲ್ಸಿಯಂ ಮತ್ತು ಆಲ್ಕಲಿನಿಟಿಗೆ ಬೇರೆ ಬೇರೆ ಇರುವ ಎರಡು ದ್ರಾವಣ) ಕೂಡ ಹಾಕುತ್ತೇನೆ. ಅಕ್ಟೋಬರ್ ಬಂತೆಂದರೆ ಸುಣ್ಣವೊಂದೇ ಸಾಕು.

ಕರೆಂಟ್ ವಿಷಯಕ್ಕೆ ಬರುತ್ತೇನೆ, ನಾನು ಪೆಟ್ಟು ತಿಂದದ್ದು ಅಲ್ಲೇ. ಮೊದಲ ವರ್ಷ ಟಾಪ್-ಆಫ್ ಪಂಪನ್ನೇ, ಅಂದರೆ ಆವಿಯಾದ ನೀರನ್ನು ತಾನಾಗಿ ತುಂಬಿಸುವ ಪಂಪನ್ನೇ, ಸ್ಟಿರರ್‌ಗೆ ಕೊಟ್ಟಿದ್ದೆ. ಸಂಪ್‌ನಲ್ಲಿ (ಮುಖ್ಯ ಟ್ಯಾಂಕಿನ ಕೆಳಗೆ ಜೋಡಿಸಿರುವ ಚಿಕ್ಕ ಟ್ಯಾಂಕ್) ನೀರು ಇಳಿದರೆ ಫ್ಲೋಟ್ ಪಂಪನ್ನು ಆನ್ ಮಾಡುತ್ತದೆ, ತಿಳಿ ಬೀಳುತ್ತದೆ. ನೋಡಲು ಸುಲಭ. ಜುಲೈನ ಒಂದು ರಾತ್ರಿ, ಎಲ್ಲೋ ಲೈನ್ ಮೇಲೆ ಮರ ಬಿದ್ದಿರಬೇಕು, ಕರೆಂಟ್ ಹತ್ತು ಸಲವಾದರೂ ಹೋಗಿ ಬಂದು ಮಾಡಿತು. ಪ್ರತಿ ಸಲ ಕರೆಂಟ್ ಬಂದಾಗ ರಿಟರ್ನ್ ಪಂಪ್ ಸಂಪ್‌ನ ನೀರನ್ನು ಮೇಲಕ್ಕೆ ಎಳೆಯುತ್ತದೆ. ಮೇಲಿನ ಟ್ಯಾಂಕ್ ತುಂಬಿ ನೀರು ವಾಪಸ್ ಬರುವ ತನಕ ಸಂಪ್ ತಗ್ಗಿರುತ್ತದೆ. ಫ್ಲೋಟಿಗೆ ಅದೇನು ಗೊತ್ತು, ನೀರು ಕಡಿಮೆಯಾಯಿತು ಅಂತ ಪ್ರತಿ ಸಲವೂ ಸುಣ್ಣ ಬಿಟ್ಟಿದೆ. ಬೆಳಿಗ್ಗೆ ಎದ್ದು ನೋಡಿದರೆ ಟ್ಯಾಂಕ್ ಅಕ್ಕಿ ತೊಳೆದ ನೀರಿನ ಹಾಗಿತ್ತು. ಪಿಎಚ್ 8.9. ಎರಡು ಕವಲು ಹವಳದ ತುದಿ ಬಿಳಿಚಿಕೊಂಡಿತು. ಅದರಲ್ಲಿ ಒಂದು ಉಳಿಯಲೇ ಇಲ್ಲ. ಇವತ್ತಿಗೂ ಆ ಜಾಗಕ್ಕೆ ಬೇರೆ ಹವಳ ಇಡಲು ಮನಸ್ಸಾಗಿಲ್ಲ.

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀರಿ. ಮೊದಲು ಸುಣ್ಣದ ಪಂಪ್ ನಿಲ್ಲಿಸಿ. ಸ್ಕಿಮ್ಮರ್ (ಗಾಳಿ ಗುಳ್ಳೆಗಳಿಂದ ಕೊಳೆ ಎತ್ತುವ ಸಾಧನ) ಓಡಲಿ, ಕಿಟಕಿ ತೆಗೆಯಿರಿ. ಪಿಎಚ್ ತುಂಬಾ ಮೇಲಿದ್ದರೆ ಉಪ್ಪು, ಸಕ್ಕರೆ, ನಿಂಬೆ ಏನೂ ಇಲ್ಲದ ಸಾದಾ ಸೋಡಾವನ್ನು ಸಂಪ್‌ಗೆ ಸ್ವಲ್ಪ ಸ್ವಲ್ಪವೇ ಹಾಕಿ, ಮೀಟರ್ ನೋಡುತ್ತಾ ಹಾಕಿ. ಆ ಬಿಳಿ ಚಾಕ್‌ಪುಡಿ ತಾನಾಗಿ ತಿಳಿಯಾಗುತ್ತದೆ. ಅದು ಇಳಿಯುವಾಗ ಕೆಎಚ್ ಕೂಡ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಮಾರನೆಯ ದಿನ ಅಳೆದು, ಎರಡು ಮೂರು ದಿನದಲ್ಲಿ ನಿಧಾನಕ್ಕೆ ಸರಿಮಾಡಿ. ಗಾಬರಿಯಲ್ಲಿ ಅರ್ಧ ಟ್ಯಾಂಕ್ ನೀರು ಬದಲಿಸಬೇಡಿ.

ಆಮೇಲೆ ಎರಡು ಕೆಲಸ ಬೇರೆ ಮಾಡಿದೆ. ಟಾಪ್-ಆಫ್ ಪಂಪಿಗೆ ಸಾದಾ ಆರ್‌ಒ ನೀರು ಮಾತ್ರ. ಸ್ಟಿರರ್‌ಗೆ ಒಂದು ಡೋಸಿಂಗ್ ಪಂಪ್, ದಿನಕ್ಕೆ ಇಷ್ಟೇ ಮಿಲಿ ಅಂತ ಕಟ್ಟಿಹಾಕಿದ್ದೇನೆ. ಆ ಪಂಪ್ ಸ್ಟಿರರ್‌ಗೆ ಮುಂಚೆ ಇರಬೇಕು, ಆರ್‌ಒ ನೀರನ್ನು ಕೊಳವೆಯ ತಳಕ್ಕೆ ತಳ್ಳಬೇಕು, ಮೇಲಿನಿಂದ ತಿಳಿ ಉಕ್ಕಿ ಹೋಗಬೇಕು. ಸ್ಟಿರರ್ ಆದಮೇಲೆ ಪಂಪ್ ಇಟ್ಟರೆ ಅದರ ಟ್ಯೂಬಿನೊಳಗೇ ಸುಣ್ಣ ಕಟ್ಟುತ್ತದೆ. ಇನ್ನೊಂದು, ಆ ಪಂಪಿಗೆ ನೀರು ಕೊಡುವ ಕ್ಯಾನ್ ಚಿಕ್ಕದಿರಲಿ. ನನ್ನದು 5 ಲೀಟರಿನದು. ಏನೇ ಕೆಟ್ಟರೂ, ಪಂಪ್ ರಾತ್ರಿಯಿಡೀ ನಿಲ್ಲದೆ ಓಡಿದರೂ, 5 ಲೀಟರಿಗಿಂತ ಜಾಸ್ತಿ ಹೋಗಲು ಸಾಧ್ಯವಿಲ್ಲ. ಮೂರು ದಿನಕ್ಕೊಮ್ಮೆ ತುಂಬಿಸುವುದು ರಗಳೆ ಅನ್ನಿಸಬಹುದು. 25 ಲೀಟರ್ ಕ್ಯಾನ್ ಇಡಬೇಡಿ ಮೇಡಂ, ದಯವಿಟ್ಟು.

ಕದಡುವುದು ದಿನಕ್ಕೆ ನಾಲ್ಕು ಸಲ, ಐದೈದು ನಿಮಿಷ. ಕದಡಿ ಒಂದು ಗಂಟೆ ಬಿಟ್ಟೇ ಪಂಪ್ ಓಡಲಿ, ತಿಳಿ ನಿಲ್ಲಬೇಕಲ್ವಾ. ಪುಡಿಯಲ್ಲಿರುವ ಕಲ್ಮಶ ಹೆಚ್ಚಾಗಿ ಗಸಿಯಲ್ಲೇ ಉಳಿಯುತ್ತದೆ, ಅದು ಟ್ಯಾಂಕಿಗೆ ಹೋಗಬಾರದು. ತಿಳಿ ಬೀಳುವ ಪೈಪಿನ ತುದಿ ಸಂಪ್‌ನ ನೀರಿಗೆ ತಾಗಬಾರದು, ನಾಲ್ಕು ಬೆರಳು ಮೇಲಿರಲಿ. ಇಲ್ಲದಿದ್ದರೆ ಕರೆಂಟ್ ಹೋದಾಗ ಉಪ್ಪುನೀರು ಹಿಂದಕ್ಕೆ ಎಳೆದುಕೊಳ್ಳುತ್ತದೆ. ತುದಿಯಲ್ಲಿ ಸುಣ್ಣ ಕಟ್ಟಿದರೆ ವಿನೆಗರ್‌ನಲ್ಲಿ ನೆನೆಸಿಡಿ, ಬಿಟ್ಟುಕೊಳ್ಳುತ್ತದೆ.

ಮೂಡಿಗೆರೆಯಿಂದ

ಸುಣ್ಣದ ಬಗ್ಗೆ ನಾನು ಹೇಳುತ್ತೇನೆ. ಎಲೆ ಅಡಿಕೆ ಸುಣ್ಣ ಬೇಡ. ಅದಕ್ಕೆ ಏನೇನು ಬೆರೆಸಿದ್ದಾರೆ ಅಂತ ಡಬ್ಬಿಯ ಮೇಲೆ ಬರೆದಿರುವುದಿಲ್ಲ. ಗೋಡೆಗೆ ಬಳಿಯುವ ಸುಣ್ಣವೂ ಬೇಡ, ಅದಕ್ಕೆ ನೀಲಿ, ಅಂಟು ಸೇರಿರುತ್ತದೆ. ತೋಟದ ಮಣ್ಣಿಗೆ ಹಾಕುವ ಕೃಷಿ ಸುಣ್ಣ ಬೇರೆಯದೇ ಪದಾರ್ಥ, ಕರಗುವುದೇ ಇಲ್ಲ. ಲ್ಯಾಬಿಗೆ ಕೊಡುವ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅಂತ ಕೇಳಿ ತನ್ನಿ. ನಿಮ್ಮ ಲೆಕ್ಕಕ್ಕೆ 500 ಗ್ರಾಂ ಬಾಟಲಿ ನಾಲ್ಕೈದು ತಿಂಗಳು ಬರುತ್ತದೆ. ಗಾಳಿ ಆಡದ ಹಾಗೆ ಮುಚ್ಚಿಡಿ.

ತೋಟ ಇರುವವರು ಇದನ್ನು ಖಂಡಿತ ಓದಿ. ತೋಟದ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ನಾವು 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಕಲಸುತ್ತೇವೆ. ಮೈಲುತುತ್ತ ಅಂದರೆ ತಾಮ್ರ. ಹವಳಕ್ಕೆ, ಸೀಗಡಿಗೆ, ಬಸವನಹುಳಕ್ಕೆ ತಾಮ್ರ ವಿಷ. ನಾನು ಆರ್‌ಒ ನೀರು ಹಿಡಿಯಲು ಗೋಡೌನಿನ ಒಂದು ಬಕೆಟ್ ಮೂರು ಸಲ ತೊಳೆದು ತಂದೆ. ಹಿಡಿ ಸೇರುವ ಸಂದಿಯಲ್ಲಿ ಉಗುರಿನಷ್ಟು ನೀಲಿ ಉಳಿದಿತ್ತು, ನೋಡಿರಲಿಲ್ಲ. ಮಾರನೆಯ ದಿನ ಬಸವನಹುಳಗಳೆಲ್ಲ ಮರಳ ಮೇಲೆ ಬೆನ್ನಡಿಯಾಗಿ ಬಿದ್ದಿದ್ದವು. ಟ್ಯಾಂಕಿನ ಸಾಮಾನು ಟ್ಯಾಂಕಿಗೇ ಇರಲಿ. ಗೋಡೌನಿನ ಸುಣ್ಣದ ಚೀಲಕ್ಕಂತೂ ಕೈ ಹಾಕಬೇಡಿ, ಅದು ಯಾವಾಗಲೂ ಮೈಲುತುತ್ತದ ಪಕ್ಕದಲ್ಲೇ ಇರುತ್ತದೆ.

ಸಕಲೇಶಪುರದಿಂದ

ಚಿಕ್ಕ ಟ್ಯಾಂಕ್ ಇರುವವರಿಗೆ ಸ್ಟಿರರ್ ಬೇಕಾಗಿಲ್ಲ. ನನ್ನದು 60 ಲೀಟರ್. ಸಂಜೆ ಕ್ಯಾನಿನಲ್ಲಿ ಸುಣ್ಣ ಕಲಕಿ ಇಡುತ್ತೇನೆ. ರಾತ್ರಿ ಮೇಲಿನ ತಿಳಿ ತೆಗೆದು, ಅಷ್ಟೇ ಆರ್‌ಒ ನೀರು ಸೇರಿಸಿ, ಹೊಸ ಗ್ಲೂಕೋಸ್ ಡ್ರಿಪ್ ಸೆಟ್‌ನಲ್ಲಿ ಎರಡು ಸೆಕೆಂಡಿಗೆ ಒಂದು ಹನಿ ಬಿಡುತ್ತೇನೆ. ಅರ್ಧ ಲೀಟರ್ ಮುಗಿಯಲು ಐದಾರು ಗಂಟೆ. ದೀಪ ಆರಿದಾಗಲೇ ಪಿಎಚ್ ಇಳಿಯುವುದು, ಹಾಗಾಗಿ ರಾತ್ರಿಯೇ ಒಳ್ಳೆಯದು.

ಮಕ್ಕಳಿರುವ ಮನೆಯಾದರೆ ಪುಡಿಯ ಬಾಟಲಿ ಎತ್ತರದಲ್ಲಿಡಿ. ಕಣ್ಣಿಗೆ ಬಿದ್ದರೆ ಸುಡುತ್ತದೆ. ಗ್ಲೌಸ್, ಕನ್ನಡಕ ಹಾಕಿಕೊಂಡೇ ಕಲಕಿ. ಅಕಸ್ಮಾತ್ ಬಿದ್ದರೆ ನಲ್ಲಿ ನೀರಿನಲ್ಲಿ ತುಂಬಾ ಹೊತ್ತು ತೊಳೆದು ನೇರ ಆಸ್ಪತ್ರೆಗೆ ಹೋಗಿ.

ಹಾಸನದಿಂದ, ಕೇಳಿದವರೇ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. 25 ಲೀಟರ್ ಕ್ಯಾನ್ ತಂದಿಟ್ಟಿದ್ದೆ, ಅದನ್ನು ಸಾದಾ ನೀರಿಗೆ ಇಟ್ಟುಕೊಂಡೆ. ಇನ್ನೊಂದೇ ಕೇಳುತ್ತೇನೆ. ಕೊಳವೆಯೊಳಗೆ ಸುಣ್ಣ ಮುಗಿದಿದೆ ಅಂತ ಹೇಗೆ ತಿಳಿಯುವುದು? ಗಸಿ ಅಂತೂ ಯಾವಾಗಲೂ ಕಾಣುತ್ತಿರುತ್ತದಲ್ವಾ? ಮತ್ತೆ ಎಷ್ಟರಿಂದ ಶುರು ಮಾಡಲಿ?

ಚಿಕ್ಕಮಗಳೂರಿನಿಂದ

ಒಳ್ಳೆಯ ಪ್ರಶ್ನೆ ಮೇಡಂ. ಗಸಿ ನೋಡಿ ಮೋಸ ಹೋಗಬೇಡಿ. ಹಳೆಯ ಗಸಿಯಲ್ಲಿ ಅರ್ಧ ಚಾಕ್‌ಪುಡಿಯೇ ಇರುತ್ತದೆ. ಇಸಿ ಮೀಟರ್ ಪೆನ್ (ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅಂತ ಅಳೆಯುವುದು) ಒಂದು ತೆಗೆದುಕೊಳ್ಳಿ, ಮಣ್ಣಿಲ್ಲದೆ ತರಕಾರಿ ಬೆಳೆಯುವವರು ಇಟ್ಟುಕೊಂಡಿರುತ್ತಾರೆ. ಪೈಪಿನಿಂದ ಬೀಳುವ ತಿಳಿಯನ್ನು ಲೋಟದಲ್ಲಿ ಹಿಡಿದು ಅದ್ದಿ. ಪೂರ್ತಿ ಕರಗಿದ ತಿಳಿ 25 ಡಿಗ್ರಿಯಲ್ಲಿ 10 ಮಿಲಿಸೀಮೆನ್ಸ್‌ಗಿಂತ ಸ್ವಲ್ಪ ಮೇಲೆ ತೋರಿಸುತ್ತದೆ. 9ಕ್ಕೆ ಇಳಿದರೆ ಪುಡಿ ಹಾಕುವ ಹೊತ್ತು. ಪೆನ್ ಬರುವ ತನಕ ಅರಿಶಿನ ಸಾಕು. ಒದ್ದೆ ಅರಿಶಿನ ಸವರಿದ ಕಾಗದದ ಮೇಲೆ ಒಂದು ಹನಿ ಬಿಟ್ಟರೆ ಆರತಿ ನೀರಿನ ಹಾಗೆ ಕೆಂಪಾಗಬೇಕು. ಎಷ್ಟು ಗಟ್ಟಿ ಇದೆ ಅಂತ ಅದು ಹೇಳುವುದಿಲ್ಲ, ಸುಣ್ಣ ಬರುತ್ತಿದೆಯೋ ಇಲ್ಲವೋ ಅಂತ ಮಾತ್ರ ಗೊತ್ತಾಗುತ್ತದೆ.

ಶುರು 300 ಮಿಲಿಯಿಂದ ಮಾಡಿ. ರಾತ್ರಿ 10ರಿಂದ ಬೆಳಿಗ್ಗೆ 6ರ ಒಳಗೆ 25 ಮಿಲಿಯಂತೆ ಹನ್ನೆರಡು ಸಲ. ಆ ಹೊತ್ತಿನಲ್ಲಿ ಕದಡುವುದು ಬೇಡ, ನಾಲ್ಕು ಸಲವನ್ನೂ ಹಗಲಿಗೇ ಇಟ್ಟುಕೊಳ್ಳಿ. ಬಾಕಿ ಕೆಎಚ್‌ಗೆ ಈಗ ಕೈಯಿಂದ ಹಾಕುತ್ತಿರುವುದನ್ನೇ ಮುಂದುವರಿಸಿ. ವಾರಕ್ಕೊಮ್ಮೆ 300 ಏರಿಸುತ್ತಾ, ಕೈಯಿಂದ ಹಾಕುವುದನ್ನು ಅಷ್ಟೇ ಇಳಿಸುತ್ತಾ ಬನ್ನಿ. ಕೆಎಚ್ ದಿನವೂ ಒಂದೇ ಹೊತ್ತಿಗೆ ಅಳೆಯಿರಿ, ಬೆಳಗಿನ ಪಿಎಚ್ 8.4 ದಾಟಿದರೆ ಅಲ್ಲಿಗೇ ನಿಲ್ಲಿಸಿ. ತಿಂಗಳಿಗೊಮ್ಮೆ ಮೆಗ್ನೀಷಿಯಂ ನೋಡಿ, ಸುಣ್ಣದಿಂದ ಅದು ಸಿಗುವುದಿಲ್ಲ. ಮೊದಲ ವಾರದ ನಂಬರ್ ಇಲ್ಲಿ ಹಾಕಿ, ನನ್ನ ಹಳೆಯ ಪುಸ್ತಕದಲ್ಲಿ ಬರೆದದ್ದರ ಜೊತೆ ಇಟ್ಟು ನೋಡುತ್ತೇನೆ.