ಸೇಬಿನ ನಕ್ಷತ್ರ ಓವನ್‌ನಲ್ಲಿ ಕರಗದ ಹಾಗೆ ಮಾಡೋದು ಹೇಗೆ?

ಕೇಳಿದ್ದು, ಲೆಸ್ಟರ್‌ನಿಂದ

ನಮ್ಮ ಎದುರುಮನೆಯ ಅಜ್ಜಿ ಪೇಗನ್ ಪದ್ಧತಿಯವರು, ಅಂದರೆ ಪ್ರಕೃತಿಯನ್ನು ಪೂಜಿಸುವವರು. ಸೆಪ್ಟೆಂಬರ್ 22ಕ್ಕೆ, ಹಗಲು ರಾತ್ರಿ ಸಮ ಆಗುವ ಹೊತ್ತಿಗೆ, ಅವರ ಹಿತ್ತಲಲ್ಲಿ ಮಾಬನ್ ಅನ್ನುವ ಸುಗ್ಗಿ ಹಬ್ಬ. ಸೇಬಿನದ್ದು ಏನಾದರೂ ಸಿಹಿ ತಗೊಂಡು ಬಾ, ಮೇಲೆ ನಕ್ಷತ್ರ ಕಂಡರೆ ಇನ್ನೂ ಚೆಂದ ಅಂದಿದ್ದಾರೆ. ಯಾವ ನಕ್ಷತ್ರ ಅಂತ ಕೇಳೋಕೆ ಸಂಕೋಚ ಆಯ್ತು. ನಾನು ಮೊಟ್ಟೆ ಹಾಕಲ್ಲ, ಕೇಕ್ ಮಾಡಿದ್ದು ಜೀವನದಲ್ಲಿ ಎರಡೇ ಸಲ. ಹನ್ನೆರಡು ಜನ ಬರುತ್ತಾರಂತೆ. ಮಾಡಿ ಗೊತ್ತಿರುವವರು ಹೇಳ್ತೀರಾ?

ಶಿವಮೊಗ್ಗದವಳು, ಈಗ ನಾಟಿಂಗ್‌ಹ್ಯಾಮ್

ಸೇಬನ್ನು ತೊಟ್ಟಿನಿಂದ ಕೆಳಕ್ಕೆ ಸೀಳಬೇಡಿ, ಅಡ್ಡಕ್ಕೆ ಕೊಯ್ಯಿರಿ. ಐದು ಬೀಜದ ಗೂಡುಗಳು ಐದು ಮೂಲೆಯ ನಕ್ಷತ್ರದ ಹಾಗೆ ಕಾಣುತ್ತವೆ. ಅವರು ಹೇಳಿದ್ದು ಅದನ್ನೇ. ಮಣ್ಣು, ಗಾಳಿ, ಬೆಂಕಿ, ನೀರು, ಐದನೆಯದು ಚೈತನ್ಯ ಅಂತ ಒಂದೊಂದು ಮೂಲೆಗೆ ಲೆಕ್ಕ. ನಮ್ಮ ಪಂಚಭೂತದ ಹತ್ತಿರಕ್ಕೇ ಬರುತ್ತದೆ, ಅಲ್ವಾ?

ನಾನು ಮೊದಲ ವರ್ಷ ಕೆಟ್ಟದ್ದು ಎಲ್ಲಿ ಅಂದರೆ, ಅಡುಗೆ ಸೇಬು ಅಂದ್ರೆ ಬ್ರಾಮ್ಲಿ ತಾನೇ ಅಂತ ಮೇಲಿನ ಬಿಲ್ಲೆಗಳಿಗೂ ಅದನ್ನೇ ಹಾಕಿದೆ. ಈ ಬ್ರಾಮ್ಲಿ ನಮ್ಮ ಪಕ್ಕದ ಸೌತ್‌ವೆಲ್ ಊರಿನದು, 1809ರಲ್ಲಿ ಒಬ್ಬ ಹುಡುಗಿ ಬಿತ್ತಿದ ಬೀಜದಿಂದ ಹುಟ್ಟಿದ ತಳಿ, ಇಲ್ಲಿಯವರಿಗೆ ಅದರ ಬಗ್ಗೆ ಭಾರಿ ಹೆಮ್ಮೆ. ಆದರೆ ಹುಳಿ ಜಾಸ್ತಿ ಇರುವ ಹಣ್ಣು, ಬಿಸಿ ತಾಗಿದರೆ ನೊರೆಯ ಹಾಗೆ ಉಬ್ಬಿ ಕರಗಿಬಿಡುತ್ತದೆ. ಓವನ್ ಬಾಗಿಲು ತೆಗೆದು ನೋಡಿದರೆ ನಕ್ಷತ್ರ ಎಲ್ಲಿದೆ! ಹಳದಿ ಗಂಜಿ.

ಅದಕ್ಕೇ ಈಗ ಒಳಗೆ ಬ್ರಾಮ್ಲಿ, ಮೇಲೆ ಬೆಂದರೂ ಆಕಾರ ಬಿಡದ ಬ್ರೇಬರ್ನ್ ಅಥವಾ ಗ್ರಾನಿ ಸ್ಮಿತ್ ಸೇಬು. ನಿಮಗೆ ಕ್ರಂಬಲ್ಲೇ ಸುಲಭ, ಹಣ್ಣಿನ ಮೇಲೆ ಬೆಣ್ಣೆ-ಹಿಟ್ಟಿನ ಪುಡಿ ಉದುರಿಸಿ ಬೇಯಿಸೋದು ಅಷ್ಟೇ, ಮೊಟ್ಟೆಯ ಗೊಡವೆಯೇ ಇಲ್ಲ. ಹನ್ನೆರಡು ಜನಕ್ಕೆ ಒಂದೂವರೆ ಕೇಜಿ ಬ್ರಾಮ್ಲಿ ಹೆಚ್ಚಿ, 150 ಗ್ರಾಂ ಸಕ್ಕರೆ, ಒಂದು ಚಮಚ ಚಕ್ಕೆ ಪುಡಿ ಹಾಕಿ ಕಲಸಿ ದೊಡ್ಡ ಟ್ರೇಗೆ ಹರಡಿ. 300 ಗ್ರಾಂ ಮೈದಾಕ್ಕೆ 150 ಗ್ರಾಂ ತಣ್ಣಗಿನ ಬೆಣ್ಣೆ ಹಾಕಿ ಬೆರಳ ತುದಿಯಲ್ಲೇ ತಿಕ್ಕಿ. ಅಂಗೈ ಬಿಸಿಗೆ ಬೆಣ್ಣೆ ಕರಗಿ ಚಪಾತಿ ಹಿಟ್ಟಾಗುತ್ತದೆ, ಹುಷಾರು. ರವೆಯ ಹಾಗೆ ಉದುರಾದ ಮೇಲೆ 150 ಗ್ರಾಂ ಸಕ್ಕರೆ ಬೆರೆಸಿ, ಹಣ್ಣಿನ ಮೇಲೆ ಸುಮ್ನೆ ಉದುರಿಸಿ, ಒತ್ತಬೇಡಿ. 180 ಡಿಗ್ರಿ, ಫ್ಯಾನ್ ಓವನ್ ಆದರೆ 160, ಒಟ್ಟು ಮುಕ್ಕಾಲು ಗಂಟೆ.

ಬಿಲ್ಲೆಗಳು ಅರ್ಧ ಸೆಂಟಿಮೀಟರ್ ದಪ್ಪ ಇರಲಿ. ಬೀಜಗಳನ್ನು ಟೂತ್‌ಪಿಕ್‌ನಲ್ಲಿ ಒಂದೊಂದಾಗಿ ಎಬ್ಬಿಸಿ ತೆಗೆಯಿರಿ. ಚಾಕು ಹಾಕಿದರೆ ಗೂಡಿನ ಚೂಪು ಮೂಲೆ ಹರಿದು ನಕ್ಷತ್ರ ಹೋಗಿ ಹೂವಾಗುತ್ತದೆ. ನಿಂಬೆರಸದ ನೀರಿನಲ್ಲಿ ಅದ್ದಿ, ಒರೆಸಿ, ಬೆಣ್ಣೆ ಸವರಿ, ಕೊನೆಯ ಇಪ್ಪತ್ತು ನಿಮಿಷ ಉಳಿದಾಗ ಮೇಲಿಡಿ.

ಇನ್ನೊಂದು ವಿಷಯ. ಮೊದಲ ತುಂಡನ್ನು ಅವರು ತಿನ್ನದೆ ಮರದ ಬುಡಕ್ಕೆ ಇಟ್ಟರೆ ಬೇಜಾರು ಮಾಡ್ಕೋಬೇಡಿ. ನಮ್ಮ ಕಡೆ ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಕೊಡುವುದನ್ನು ನೋಡಿ ಬೆಳೆದ ನನಗೆ ಅದೇನೂ ಹೊಸದು ಅನ್ನಿಸಲಿಲ್ಲ.

ಡಬ್ಲಿನ್‌ನಿಂದ

ಕ್ರಂಬಲ್ ರುಚಿಯೇನೋ ಸರಿ, ನಕ್ಷತ್ರ ಎದ್ದು ಕಾಣಬೇಕು ಅಂದ್ರೆ ಬೋರಲು ಕೇಕ್ ಮಾಡಿ. ಎಂಟಿಂಚಿನ ಟಿನ್ನಿನ ತಳಕ್ಕೆ ಬೆಣ್ಣೆ, ಕಂದು ಸಕ್ಕರೆ, ಅದರ ಮೇಲೆ ಬಿಲ್ಲೆಗಳು. ಮೇಲಿಂದ ಮಾಮೂಲಿ ಮೊಸರಿನ ಕೇಕ್ ಹಿಟ್ಟು: ಒಂದೂವರೆ ಕಪ್ ಮೈದಾ, ಒಂದು ಕಪ್ ಮೊಸರು, ಮುಕ್ಕಾಲು ಕಪ್ ಸಕ್ಕರೆ, ಅರ್ಧ ಕಪ್ ಎಣ್ಣೆ, ಒಂದೂಕಾಲು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಸೋಡಾ. ಬೆಂದ ಮೇಲೆ ಹತ್ತು ನಿಮಿಷ ಬಿಟ್ಟು ಮಗುಚಿ. ಪೂರ್ತಿ ತಣಿದರೆ ಪಾಕ ಗಟ್ಟಿಯಾಗಿ ನಕ್ಷತ್ರ ಟಿನ್ನಿಗೇ ಅಂಟುತ್ತದೆ. ತಳ ಬಿಚ್ಚುವ ಟಿನ್ ಮಾತ್ರ ಬೇಡವೇ ಬೇಡ. ನಾನು ಹಾಕಿ, ಪಾಕ ಸೋರಿ, ಮನೆ ತುಂಬ ಹೊಗೆ, ಅಲಾರಂ ಕೂಗಿ ಮಹಡಿ ಮೇಲಿನವರೆಲ್ಲ ಕೆಳಗೆ ಬಂದು ನಿಂತಿದ್ದರು.

ಮೆಲ್ಬರ್ನ್‌ನಿಂದ

ನಾವಿಲ್ಲಿ ಇದನ್ನು ಮಾರ್ಚ್‌ನಲ್ಲಿ ಮಾಡುತ್ತೇವೆ! ನಮಗೆ ಸುಗ್ಗಿ ಆಗಲೇ ಅಲ್ವಾ, ಇಲ್ಲಿಯ ಪೇಗನ್ ಗೆಳೆಯರು ಹಬ್ಬಗಳನ್ನೆಲ್ಲ ಆರು ತಿಂಗಳು ತಿರುಗಿಸಿಕೊಂಡಿದ್ದಾರೆ. ಗ್ರಾನಿ ಸ್ಮಿತ್‌ಗೆ ನನ್ನದೂ ಓಟು, ಸಿಡ್ನಿ ಕಡೆಯ ಹಣ್ಣು ಅನ್ನೋ ಅಭಿಮಾನವೂ ಸ್ವಲ್ಪ ಇದೆ. ವೀಗನ್, ಅಂದರೆ ಹಾಲು ಬೆಣ್ಣೆ ಕೂಡ ಮುಟ್ಟದವರು, ಯಾರಾದರೂ ಬರುತ್ತಾರಾ ಅಂತ ಮೊದಲೇ ಕೇಳಿ. ನಾನು ಕೇಳದೆ ಬೆಣ್ಣೆ ಸುರಿದು, ಅರ್ಧ ಜನ ಬರೀ ಸೈಡರ್ ಕುಡಿದು ಕೂತರು.

ನಾಟಿಂಗ್‌ಹ್ಯಾಮ್‌ನವಳೇ, ಮತ್ತೆ

ಬಿಟ್ಟುಹೋಯ್ತು. ಅಲ್ಲಿ ಹೋಗಿ 'ಎಷ್ಟು ಸಾವಿರ ವರ್ಷದ ಹಬ್ಬ ಇದು' ಅಂತ ಹೊಗಳಬೇಡಿ, ನಾನು ಹೊಗಳಿ ನಗೆಪಾಟಲಾದೆ. ಸುಗ್ಗಿಯ ಆಚರಣೆ ಹಳೆಯದು, ಮಾಬನ್ ಅನ್ನುವ ಹೆಸರನ್ನು ಮಾತ್ರ ಏಡನ್ ಕೆಲ್ಲಿ ಅನ್ನುವ ಅಮೆರಿಕದವರು 1970ರ ದಶಕದಲ್ಲಿ ವೇಲ್ಸ್ ನಾಡಿನ ಹಳೆಯ ಕಥೆಗಳಿಂದ ತೆಗೆದು ಇಟ್ಟಿದ್ದು. ಕೆಲವರು ಆ ಹೆಸರು ಬಳಸುವುದೇ ಇಲ್ಲ.

ಕೇಳಿದವಳು

ಎಲ್ಲರಿಗೂ ಥ್ಯಾಂಕ್ಸ್. ಬೋರಲು ಕೇಕೇ ಮಾಡಿದೆ, ಬೆಣ್ಣೆ ಬದಲು ತೆಂಗಿನೆಣ್ಣೆ, ಮೊಸರು ಸೋಯಾದ್ದು. ಏಳು ನಕ್ಷತ್ರ ಇಟ್ಟಿದ್ದೆ, ಆರು ಸರಿಯಾಗಿ ಬಂದವು. ಏಳನೆಯದು ಟಿನ್ನಿಗೆ ಅಂಟಿತು, ಆ ಗುಂಡಿಗೆ ಬ್ಲ್ಯಾಕ್‌ಬೆರಿ ತುಂಬಿದೆ. ಅಜ್ಜಿ ಅದೇ ತುಂಡನ್ನು ಎತ್ತಿ ಮರದ ಬುಡಕ್ಕಿಟ್ಟರು.

ನಿನ್ನೆ ತಟ್ಟೆ ವಾಪಸ್ ಬಂತು, ಖಾಲಿ ಅಲ್ಲ, ಮೇಲೆ ಮುಷ್ಟಿಗಿಂತ ದೊಡ್ಡ ಬ್ರಾಮ್ಲಿ ಎಂಟು. ಒಂದನ್ನು ಕಚ್ಚಿ ನೋಡಿದೆ, ಮಾವಿನಕಾಯಿಯೇ ನೆನಪಾಯ್ತು. ಇದರಲ್ಲಿ ತೊಕ್ಕು ಯಾರಾದರೂ ಮಾಡಿದ್ದೀರಾ?