ಅಪ್‌ಡೇಟ್: ಲೈಪೇಸ್ ಸತ್ತಿರಲಿಲ್ಲ, ತೊಳೆದುಹೋಗುತ್ತಿತ್ತು

ಹೋದ ತಿಂಗಳು ಕೇಳಿದ್ದೆನಲ್ಲ, ಮ್ಯಾಗ್ನೆಟೈಟ್ (ಆಯಸ್ಕಾಂತ ಸೆಳೆಯುವ ಕಬ್ಬಿಣದ ಆಕ್ಸೈಡ್) ನ್ಯಾನೋಕಣಗಳಿಗೆ ಗ್ಲುಟರಾಲ್ಡಿಹೈಡ್ ಎಂಬ ಕೊಂಡಿ ರಾಸಾಯನಿಕದಿಂದ ಅಂಟಿಸಿದ ಲೈಪೇಸ್ (ಕೊಬ್ಬು ಒಡೆಯುವ ಕಿಣ್ವ) ಮೂರನೇ ಸಲ ಬಳಸುವಷ್ಟರಲ್ಲಿ ಕೈಕೊಡುತ್ತೆ, ಯಾಕೆ ಅಂತ? ಉತ್ತರ ಸಿಕ್ಕಿದೆ. ತಪ್ಪು ನನ್ನದೇ.

ನಿಮ್ಮಲ್ಲೊಬ್ಬರು ಹೇಳಿದಂತೆ, ಆಯಸ್ಕಾಂತ ಹಿಡಿದು ಕಣಗಳನ್ನೆಲ್ಲ ಟ್ಯೂಬಿನ ಗೋಡೆಗೆ ಎಳೆದೆ. ಮೇಲಿನ ತಿಳಿಯನ್ನು ಮಾತ್ರ ಬೇರೆ ಟ್ಯೂಬಿಗೆ ಹಾಕಿ ಪ್ಯಾರಾ-ನೈಟ್ರೋಫೀನೈಲ್ ಬ್ಯುಟಿರೇಟ್ ಸೇರಿಸಿದೆ; ಲೈಪೇಸ್ ಇದನ್ನು ಒಡೆದರೆ ಹಳದಿ ಬಣ್ಣ ಬರುತ್ತೆ. ಕಣ ಒಂದೂ ಇಲ್ಲ, ಆದರೂ ಅರಿಶಿನದ ನೀರಿನಂತೆ ಹಳದಿ! ಕಿಣ್ವ ಹಾಕದ ಬ್ಲ್ಯಾಂಕ್ ಹೆಚ್ಚುಕಮ್ಮಿ ಬಣ್ಣವಿಲ್ಲದೆ ಇತ್ತು.

ಕಾರಣ ಬಫರ್, ಅಂದರೆ ಪಿಎಚ್ ಸ್ಥಿರವಾಗಿಡುವ ದ್ರಾವಣ. ನಾನು ಕಿಣ್ವ ಕರಗಿಸಿದ್ದು ಟ್ರಿಸ್ ಎಂಬ ಬಫರಿನಲ್ಲಿ. ಗ್ಲುಟರಾಲ್ಡಿಹೈಡ್ ಹಿಡಿದುಕೊಳ್ಳುವುದು ಅಮೈನ್ (ನೈಟ್ರೋಜನ್ ಇರುವ) ಗುಂಪನ್ನು, ಟ್ರಿಸ್‌ನಲ್ಲೂ ಅದೇ ಇದೆ ಅಲ್ವಾ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ, ಕಿಣ್ವದ ಲೈಸಿನ್ (ಅಮೈನ್ ಗುಂಪಿರುವ ಅದರ ಅಮೈನೋ ಆಮ್ಲ) ಬರುವ ಮೊದಲೇ ಟ್ರಿಸ್ ಸೀಟು ಹಿಡಿದಿರುತ್ತಿತ್ತು. ಲೈಪೇಸ್ ಸುಮ್ನೆ ಮೇಲೆ ಮೆತ್ತಿಕೊಂಡಿತ್ತು ಅಷ್ಟೆ.

ಈಗ ಫಾಸ್ಫೇಟ್ ಬಫರ್, ಪಿಎಚ್ 7. ಅಂಟಿಸಿದ ಮೇಲೆ ಉಪ್ಪುನೀರಲ್ಲಿ ತೊಳೆಯುತ್ತೇನೆ, ಸಡಿಲವಾಗಿರೋದು ಮೊದಲೇ ಹೋಗಲಿ ಅಂತ. ಮೊದಲ ಸುತ್ತಿನ ಚಟುವಟಿಕೆ ಹಿಂದಿಗಿಂತ ಕಮ್ಮಿಯೇ. ಆದರೆ ಆರನೇ ಸುತ್ತಿನಲ್ಲೂ ಜಾಸ್ತಿ ಇಳಿದಿಲ್ಲ, ತಿಳಿಯೂ ಹಳದಿಯಾಗುತ್ತಿಲ್ಲ.

"ಇದಕ್ಕೆಲ್ಲ ನ್ಯಾನೋ ಯಾಕೆ?" ಅಂದವರ ಮಾತೂ ಸರಿ. ಜಪಾನಿನ ತನಾಬೆ ಕಂಪನಿ 1969ರಲ್ಲೇ ಅಮೈನೋಅಸೈಲೇಸ್ ಎಂಬ ಕಿಣ್ವವನ್ನು ಡಿಇಎಇ-ಸೆಫಡೆಕ್ಸ್ ಎಂಬ ವಿದ್ಯುದಾವೇಶದ ಜೆಲ್ ಮಣಿಗಳ ಮೇಲೆ ಕೂರಿಸಿ ಅಮೈನೋ ಆಮ್ಲ ತಯಾರಿಸುತ್ತಿತ್ತು. ಅಲ್ಲಿದ್ದದ್ದು ಬರೀ ವಿದ್ಯುದಾವೇಶದ ಸೆಳೆತ. ಕಿಣ್ವ ಸೊರಗಿದರೆ ಹೊಸದನ್ನು ತುಂಬಿಕೊಳ್ಳುತ್ತಿದ್ದರು. ನನಗೆ ಆಯಸ್ಕಾಂತ ಬೇಕಾದದ್ದು ಎಣ್ಣೆಯ ರಾಡಿಯಿಂದ ಕಣ ಹೊರತೆಗೆಯಲು. ಫಿಲ್ಟರ್ ಕಟ್ಟಿಕೊಂಡು ಒದ್ದಾಡಿ ಸಾಕಾಗಿತ್ತು.

ಮುಂದಿನ ವಾರ ಸೋಡಿಯಂ ಬೋರೋಹೈಡ್ರೈಡ್ ಹಾಕಿ ಗ್ಲುಟರಾಲ್ಡಿಹೈಡ್ ಮತ್ತು ಕಿಣ್ವದ ನಡುವಿನ ಬಂಧ ಗಟ್ಟಿ ಮಾಡಿ ನೋಡಬೇಕು.